ಹಾಜರಿ ಪುಸ್ತಕದ ಐವತ್ತು ವರ್ಷ

2025ರ ಜನವರಿ 20ರಂದು ವಾಷಿಂಗ್ಟನ್ನಿನಲ್ಲಿ ಎಂಥ ಚಳಿ ಇತ್ತೆಂದರೆ, ಅಧ್ಯಕ್ಷರ ಪ್ರಮಾಣವಚನವನ್ನು ಬಯಲಿನಿಂದ ಕ್ಯಾಪಿಟಲ್ ಭವನದ ಗುಮ್ಮಟದಡಿಗೆ ಒಯ್ಯಬೇಕಾಯಿತು. ಸಂಜೆ ಊರ ನಡುವಿನ ಕ್ಯಾಪಿಟಲ್ ಒನ್ ಒಳಾಂಗಣ ಕ್ರೀಡಾಂಗಣದಲ್ಲಿ ವೇದಿಕೆ ಕಟ್ಟಿ, ಅದರ ಮೇಲೊಂದು ಪುಟ್ಟ ಮೇಜು ಇಟ್ಟಿದ್ದರು. ಕಿಕ್ಕಿರಿದು ತುಂಬಿದ ಬೆಂಬಲಿಗರ ಎದುರಿಗೇ ಡೊನಾಲ್ಡ್ ಟ್ರಂಪ್ ಒಂದರ ಹಿಂದೊಂದು ಆದೇಶಕ್ಕೆ ಸಹಿ ಹಾಕಿದರು, ಸಹಿ ಮುಗಿದ ಮೇಲೆ ಪೆನ್ನುಗಳನ್ನು ಜನರತ್ತ ಎಸೆದರು. ಅಂದಿನ ಆದೇಶಗಳಲ್ಲಿ ಒಂದು ಬರೀ ಒಂದು ಪ್ಯಾರಾದ್ದು. ಇಲಾಖೆಗಳ ಮುಖ್ಯಸ್ಥರೆಲ್ಲ ಆದಷ್ಟು ಬೇಗ ದೂರದಿಂದ ಕೆಲಸ ಮಾಡುವ ಏರ್ಪಾಡುಗಳನ್ನು ಕೊನೆಗೊಳಿಸಬೇಕು. ನೌಕರರು ಪೂರ್ಣಾವಧಿ ತಮ್ಮ ತಮ್ಮ ಕಚೇರಿಗೆ ಬಂದು ದುಡಿಯಬೇಕು. ಅಗತ್ಯ ಕಂಡಲ್ಲಿ ಮುಖ್ಯಸ್ಥರು ವಿನಾಯಿತಿ ಕೊಡಬಹುದು. ತಾತ್ಪರ್ಯ ಇಷ್ಟೇ. ಯಾಕೆ ಬರಬೇಕು ಎಂಬುದಕ್ಕೆ ಅದರಲ್ಲಿ ಒಂದು ಮಾತೂ ಇರಲಿಲ್ಲ.

ಕೋವಿಡ್ ಕಾಲದಲ್ಲಿ ಅಂಟಿದ ಅಭ್ಯಾಸವೊಂದನ್ನು ಬಿಡಿಸಿದರು ಎಂದು ಈ ಸುದ್ದಿಯನ್ನು ಎಷ್ಟೋ ಜನ ಓದಿಕೊಂಡರು. ಅದು ಅರ್ಧ ಸತ್ಯ. ಅಮೆರಿಕದ ಒಕ್ಕೂಟ ಸರ್ಕಾರದಲ್ಲಿ, ಅಂದರೆ ನಮ್ಮ ಕೇಂದ್ರ ಸರ್ಕಾರಕ್ಕೆ ಸಮನಾದ ಆಡಳಿತದಲ್ಲಿ, ಮನೆಯಿಂದ ಕೆಲಸ ಮಾಡುವ ಪದ್ಧತಿಗೆ ಕೋವಿಡ್ಡಿಗಿಂತ ಬಹಳ ಹಿಂದಿನ ಚರಿತ್ರೆಯಿದೆ. ಅದನ್ನು ಬೆಳೆಸಿದ್ದು ನೌಕರರ ಮೇಲಿನ ಅಕ್ಕರೆಯಲ್ಲ. ತೈಲ, ಟ್ರಾಫಿಕ್ಕು, ವಿಷದ ಪುಡಿ, ಹಿಮ, ಸಾಂಕ್ರಾಮಿಕ ಹೀಗೆ ಪ್ರತಿ ಬಾರಿಯೂ ಒಂದಲ್ಲ ಒಂದು ಆಪತ್ತು ಸರ್ಕಾರದ ದಾರಿಗೆ ಅಡ್ಡಬಂದಾಗ, ಕೆಲಸ ನಿಲ್ಲದಿರಲಿ ಎಂದು ಹಿಡಿದ ದಾರಿ ಅದು. ಈ ಐವತ್ತು ವರ್ಷಗಳಲ್ಲಿ ಆ ಸರ್ಕಾರ ಯಾರು ಎಲ್ಲಿ ಕೂತಿದ್ದಾರೆ ಎಂಬುದನ್ನು ಎಣಿಸುತ್ತಲೇ ಬಂತು. ಕೂತವರಿಂದ ಜನರಿಗೆ ಎಷ್ಟು ಕೆಲಸ ಆಯಿತು ಎಂಬುದನ್ನು ಮಾತ್ರ ಸರಿಯಾಗಿ ಎಣಿಸಲಿಲ್ಲ. ನನ್ನ ಮಟ್ಟಿಗೆ ಈ ಕಥೆಯ ದುರಂತ ಇರುವುದು ಅಲ್ಲಿ.

ಶುರುವಾದದ್ದು 1973ರಲ್ಲಿ. ಆ ವರ್ಷದ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು, ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳು ಸಾಲುಗಟ್ಟಿದವು. ಲಾಸ್ ಏಂಜಲಿಸ್‌ನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಜ್ಯಾಕ್ ನಿಲ್ಲೆಸ್ ಅದಕ್ಕೂ ಮೊದಲೇ ಇದರ ಬೆನ್ನು ಹತ್ತಿದ್ದರು. ರಾಕೆಟ್ಟು, ಉಪಗ್ರಹಗಳ ತಂತ್ರಜ್ಞಾನದಲ್ಲಿ ಪಳಗಿದ್ದ ಭೌತವಿಜ್ಞಾನಿ ಅವರು. ಚಂದ್ರನಿಗೆ ಮನುಷ್ಯರನ್ನು ಕಳಿಸಬಲ್ಲವರು ಊರಿನ ಟ್ರಾಫಿಕ್ ಯಾಕೆ ಬಗೆಹರಿಸಲಾರಿರಿ ಎಂದು ನಗರ ಯೋಜಕರೊಬ್ಬರು ಕೇಳಿದ ಪ್ರಶ್ನೆ ತಮ್ಮನ್ನು ಈ ಹಾದಿಗೆ ತಂದಿತೆಂದು ಮುಂದೆ ಅವರು ಹೇಳಿಕೊಂಡಿದ್ದಾರೆ. ನೌಕರರ ದೇಹವನ್ನು ಸಾಗಿಸುವ ಬದಲು ಕೆಲಸವನ್ನೇ ತಂತಿಯ ಮೇಲೆ ಸಾಗಿಸಿದರೆ ಹೇಗೆ? ಒಂದು ವಿಮಾ ಕಂಪನಿಯ ಜೊತೆ ಸೇರಿ ಪ್ರಯೋಗ ಮಾಡಿದರು. ಆಗಿನ್ನೂ ಮನೆಮನೆಗೆ ಕಂಪ್ಯೂಟರ್ ಬಂದಿರಲಿಲ್ಲ. ಹಾಗಾಗಿ ನೌಕರರು ತಮ್ಮ ಬಡಾವಣೆಯ ಹತ್ತಿರದ ಸಣ್ಣ ಕಚೇರಿಗೆ ಹೋಗುತ್ತಿದ್ದರು, ದಿನದ ಲೆಕ್ಕ ಅಲ್ಲಿಂದ ಕೇಂದ್ರ ಕಚೇರಿಯ ದೊಡ್ಡ ಕಂಪ್ಯೂಟರಿಗೆ ರವಾನೆಯಾಗುತ್ತಿತ್ತು. ಪ್ರಯೋಗ ಗೆದ್ದಿತು, ಕಂಪನಿ ಮುಂದುವರಿಸಲಿಲ್ಲ. 1976ರಲ್ಲಿ ನಿಲ್ಲೆಸ್ ಮತ್ತು ಸಂಗಡಿಗರ ಪುಸ್ತಕ ಹೊರಬಂತು.

ಆ ವಿಚಾರ ವಾಷಿಂಗ್ಟನ್ನಿಗೆ ಬಂದದ್ದು ಎರಡನೆಯ ತೈಲ ಬಿಕ್ಕಟ್ಟಿನ ಹೊತ್ತಿಗೆ. 1979ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್ ಶಿಫ್ ಎಂಬ ಅರ್ಥಶಾಸ್ತ್ರಜ್ಞರು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಮನೆಯಿಂದ ಕೆಲಸ ಮಾಡಿದರೆ ಪೆಟ್ರೋಲ್ ಉಳಿಸಬಹುದು ಎಂದು ವಾದಿಸಿದರು. ಮನೆಯಲ್ಲಿರುವವನು ದುಡಿಯುತ್ತಿದ್ದಾನೆಂದು ಮೇಲಧಿಕಾರಿಗೆ ತಿಳಿಯುವುದು ಹೇಗೆ ಎಂಬ ಸಂಶಯ ಅಂದಿನಿಂದಲೇ ಜೊತೆಗಿತ್ತು. ಇನ್ನೊಂದು ವಿರೋಧ ಇಂದಿನವರಿಗೆ ಅಚ್ಚರಿ ತರುವಂಥದ್ದು. 1983ರಲ್ಲಿ ಅಮೆರಿಕದ ಕಾರ್ಮಿಕ ಸಂಘಟನೆಗಳ ಮಹಾ ಒಕ್ಕೂಟ ಮನೆಯಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡುವುದನ್ನೇ ನಿಷೇಧಿಸಬೇಕೆಂದು ಕೇಳಿತು. ಹಿಂದೆ ಬಟ್ಟೆ ಹೊಲಿಯುವ ಹೆಂಗಸರನ್ನು ಮನೆಯಲ್ಲೇ ಕೂರಿಸಿ, ತುಂಡಿಗಿಷ್ಟು ಎಂದು ಕೂಲಿ ಕೊಟ್ಟು ಸುಲಿದಿದ್ದ ನೆನಪು ಅವರಿಗಿತ್ತು. ನೌಕರರು ಚದುರಿದರೆ ಸಂಘಟನೆಯೂ ಚದುರುತ್ತದೆ ಎಂಬ ಭಯವಿತ್ತು. ನಾಲ್ಕು ದಶಕಗಳ ಮೇಲೆ ಸರ್ಕಾರಿ ನೌಕರರ ಸಂಘಗಳೇ ಮನೆಯಿಂದ ಕೆಲಸದ ಪರವಾಗಿ ನಿಲ್ಲಲಿದ್ದವು.

1990ರ ಜನವರಿಯಲ್ಲಿ ಸರ್ಕಾರ ಮೊದಲ ಬಾರಿಗೆ ದೊಡ್ಡದಾಗಿ ಪ್ರಯೋಗಕ್ಕಿಳಿಯಿತು. ಆಮೇಲೆ ವಾಷಿಂಗ್ಟನ್ನಿನಿಂದ ದೂರದ ಹ್ಯಾಗರ್ಸ್‌ಟೌನ್, ವಿಂಚೆಸ್ಟರ್‌ನಂಥ ಊರುಗಳಲ್ಲಿ ಬೇರೆಬೇರೆ ಇಲಾಖೆಗಳವರು ಹಂಚಿಕೊಂಡು ಕೂರುವ ಕೇಂದ್ರಗಳನ್ನೂ ತೆರೆಯಿತು. ಮನೆಮನೆಗೆ ಒಳ್ಳೆಯ ಇಂಟರ್ನೆಟ್ ಬಂದಮೇಲೆ ಆ ಕೇಂದ್ರಗಳಿಗೆ ಕೆಲಸವಿಲ್ಲದಾಗಿ, 2011ರಲ್ಲಿ ಸರ್ಕಾರ ಅವುಗಳಿಂದ ಕೈ ತೊಳೆದುಕೊಂಡಿತು.

ಕಾನೂನಿನ ಬಲ ತಂದವರು ಫ್ರಾಂಕ್ ವುಲ್ಫ್. ಉತ್ತರ ವರ್ಜೀನಿಯಾದಿಂದ ಗೆದ್ದ ರಿಪಬ್ಲಿಕನ್ ಸಂಸದ. ಅವರ ಮತದಾರರಲ್ಲಿ ಸಾವಿರಾರು ಜನ ಸರ್ಕಾರಿ ನೌಕರರು, ದಿನವೂ ರಾಜಧಾನಿಯ ವರ್ತುಲ ರಸ್ತೆಯಲ್ಲಿ ಸಿಕ್ಕಿಕೊಳ್ಳುವವರು. 2000ದ ಅಕ್ಟೋಬರ್‌ನಲ್ಲಿ ಸಾರಿಗೆ ಇಲಾಖೆಯ ಅನುದಾನ ಮಸೂದೆಯಲ್ಲಿ ಅವರು ಒಂದು ಕಲಮನ್ನು ಸೇರಿಸಿದರು: ಅರ್ಹರಾದ ನೌಕರರಿಗೆ, ಕೆಲಸದ ಗುಣಮಟ್ಟ ಕುಂದದ ಹಾಗೆ, ಆದಷ್ಟೂ ದೂರದಿಂದ ದುಡಿಯಲು ಪ್ರತಿ ಇಲಾಖೆಯೂ ಅವಕಾಶ ಕೊಡಬೇಕು. ಮೊದಲ ವರ್ಷ ಕಾಲು ಪಾಲು ನೌಕರರಿಗೆ, ವರ್ಷಕ್ಕೆ ಇನ್ನೊಂದು ಕಾಲು ಸೇರಿಸುತ್ತ ಎಲ್ಲರಿಗೂ. ಈ ವಿಷಯ ಮುಂದೆ ಪಕ್ಷಗಳ ಕಾದಾಟವಾಯಿತಲ್ಲ, ಅದಕ್ಕೇ ಈ ಹೆಸರನ್ನು ನೆನಪಿಡಬೇಕು. ಅಂದು ಇದು ಸಂಪ್ರದಾಯವಾದಿ ರಿಪಬ್ಲಿಕನ್ನರೊಬ್ಬರ ಹಂಬಲವಾಗಿತ್ತು.

ಮರುವರ್ಷವೇ ಪರೀಕ್ಷೆ ಬಂತು. 2001ರ ಅಕ್ಟೋಬರ್ 15ರಂದು ಸೆನೆಟರ್ ಟಾಮ್ ಡ್ಯಾಶಲ್ ಅವರ ಕಚೇರಿಯಲ್ಲಿ ಒಡೆದ ಲಕೋಟೆಯೊಂದರಿಂದ ಆಂಥ್ರಾಕ್ಸ್ ಪುಡಿ ಉದುರಿತು. ಸೆನೆಟಿನ ಹಾರ್ಟ್ ಕಟ್ಟಡಕ್ಕೆ ಮೂರು ತಿಂಗಳು ಬೀಗ. ಆ ಕಾಗದ ಹಾದುಬಂದಿದ್ದ ಬ್ರೆಂಟ್‌ವುಡ್ ಅಂಚೆ ಕೇಂದ್ರದ ಇಬ್ಬರು ನೌಕರರು ಪ್ರಾಣ ಕಳೆದುಕೊಂಡರು. ಕಟ್ಟಡ ಮುಚ್ಚಿದರೂ ಸರ್ಕಾರ ನಡೆಯಬೇಕು ಎಂಬ ಮಾತು ಅಲ್ಲಿಂದ ಮುಂದೆ ರಾಷ್ಟ್ರರಕ್ಷಣೆಯ ಮಾತಾಯಿತು.

ಇನ್ನು ಹಿಮ. 2010ರ ಫೆಬ್ರವರಿಯಲ್ಲಿ ಎರಡು ಹಿಮಬಿರುಗಾಳಿಗಳು ಬೆನ್ನುಬೆನ್ನಿಗೆ ಬಂದು ರಾಜಧಾನಿಯನ್ನು ಹೂತುಹಾಕಿದವು. ಫೆಬ್ರವರಿ 8ರಿಂದ 11ರ ತನಕ, ನಾಲ್ಕು ದಿನ, ಸರ್ಕಾರಿ ಕಚೇರಿಗಳು ಮುಚ್ಚಿದ್ದವು. ದಿನಕ್ಕೆ 10 ಕೋಟಿ ಡಾಲರ್ ಮೌಲ್ಯದ ಕೆಲಸ ನಷ್ಟ ಎಂದು ಸಿಬ್ಬಂದಿ ನಿರ್ವಹಣಾ ಕಚೇರಿ ಮೊದಲು ಹೇಳಿತು. ನಂತರ ಅದರ ಮುಖ್ಯಸ್ಥ ಜಾನ್ ಬೆರ್ರಿ ಲೆಕ್ಕವನ್ನು 7.1 ಕೋಟಿಗೆ ಇಳಿಸಿದರು. ಕಾರಣ, ಬಾಗಿಲು ಮುಚ್ಚಿದ್ದರೂ ಹೆಚ್ಚುಕಡಿಮೆ ಮೂರರಲ್ಲೊಬ್ಬರು ಮನೆಯಿಂದ ಕೆಲಸಕ್ಕೆ ಕೂತಿದ್ದರು. ಆ ಒಂದು ತಿದ್ದುಪಡಿ ಬೇರೆ ಯಾವ ಭಾಷಣಕ್ಕಿಂತ ಹೆಚ್ಚು ಮಾಡಿತು. ಅದೇ ವರ್ಷದ ಡಿಸೆಂಬರ್ 9ರಂದು ಬರಾಕ್ ಒಬಾಮಾ ಟೆಲಿವರ್ಕ್ ಕಾಯ್ದೆಗೆ ಸಹಿ ಹಾಕಿದರು. ಜಾನ್ ಸಾರ್ಬೇನ್ಸ್, ಜೆರ್ರಿ ಕಾನಲಿ, ಡೇನಿಯಲ್ ಅಕಾಕಾ ಎಂಬ ಡೆಮಾಕ್ರಟರ ಜೊತೆ ವುಲ್ಫ್ ಮತ್ತು ಜಾರ್ಜ್ ವೊಯ್ನೊವಿಚ್ ಎಂಬ ರಿಪಬ್ಲಿಕನ್ನರೂ ಅದಕ್ಕೆ ದುಡಿದಿದ್ದರು. ಯಾರು ಅರ್ಹರೆಂದು ಪ್ರತಿ ಇಲಾಖೆ ಗೊತ್ತುಮಾಡಬೇಕು, ನೌಕರ ಮತ್ತು ಮೇಲಧಿಕಾರಿ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು, ಮೇಲ್ವಿಚಾರಣೆಗೊಬ್ಬ ಅಧಿಕಾರಿ ಇರಬೇಕು. ನೌಕರರು ಇದಕ್ಕೆ ಬೆಲೆಯನ್ನೂ ತೆತ್ತರು: ಮನೆಯಿಂದ ಕೆಲಸ ಮಾಡುವ ಒಪ್ಪಂದ ಇದ್ದವರಿಗೆ ಹಿಮದ ರಜೆ ಸಾಮಾನ್ಯವಾಗಿ ಇಲ್ಲ ಎಂದು 2018ರಲ್ಲಿ ನಿಯಮವಾಯಿತು.

ಈ ಅವಧಿಯಲ್ಲಿ ಒಂದು ಕಚೇರಿ ಮಾತ್ರ ಎಲ್ಲರಿಗಿಂತ ಮುಂದಿತ್ತು. ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿರುವ ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಕಚೇರಿ 1997ರಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಪರಿಶೀಲಿಸುವ 18 ವಕೀಲರನ್ನು ಮನೆಯಿಂದ ದುಡಿಸಿ ನೋಡಿತು. 2006ರಿಂದ ಪೇಟೆಂಟ್ ಪರೀಕ್ಷಕರಿಗೂ ಆ ಅವಕಾಶ ಸಿಕ್ಕಿತು. ಮುಂದಿನ ದಶಕದಲ್ಲಿ ದೇಶದ ಯಾವ ಮೂಲೆಯಲ್ಲಾದರೂ ನೆಲೆಸಿ ಕೆಲಸ ಮಾಡುವ ಮಟ್ಟಕ್ಕೆ ಅದು ಬೆಳೆಯಿತು. ಅಲ್ಲಿ ಇದು ಬೇರೂರಲು ಕಾರಣ ಸರಳ: ಪರೀಕ್ಷಕರ ಕೆಲಸಕ್ಕೆ ಎಣಿಕೆಯಿದೆ. ಇಷ್ಟು ಗಂಟೆಗೆ ಇಷ್ಟು ಅರ್ಜಿ ವಿಲೇವಾರಿ ಆಗಬೇಕೆಂದು ಹಿಂದಿನಿಂದ ನಿಗದಿಯಾಗಿದೆ, ಆಗದಿದ್ದರೆ ಕಚೇರಿಯಲ್ಲಿ ಕೂತವನಿಗೂ ಉಳಿಗಾಲವಿಲ್ಲ. ಹಾಗಿದ್ದೂ 2014ರಲ್ಲಿ ಕೆಲವರು ಮಾಡದ ಗಂಟೆಗಳಿಗೆ ಸಂಬಳ ಪಡೆಯುತ್ತಿದ್ದಾರೆ, ಮೇಲಿನವರು ನೋಡಿಯೂ ಸುಮ್ಮನಿದ್ದಾರೆ ಎಂಬ ದೂರು ಬಯಲಾಯಿತು, ಸಂಸತ್ತಿನಲ್ಲಿ ವಿಚಾರಣೆ ನಡೆಯಿತು. ಆ ದೂರನ್ನು ಹಗುರಾಗಿ ತಳ್ಳಿಹಾಕುವುದು ಸರಿಯಲ್ಲ. ಎಣಿಕೆ ಇರುವ ಕಚೇರಿಯಲ್ಲೇ ಹೀಗಾದರೆ ಎಣಿಕೆಯೇ ಇಲ್ಲದ ಇಲಾಖೆಗಳ ಪಾಡೇನು?

ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಇದನ್ನೇ ಹೇಳುತ್ತ ಬಂದಿತ್ತು. ಮನೆಯಿಂದ ಕೆಲಸ ಮಾಡುವುದರಿಂದ ಆದ ಉಳಿತಾಯವೆಷ್ಟು, ಖರ್ಚೆಷ್ಟು ಎಂದು ತೋರಿಸಲು ಇಲಾಖೆಗಳ ಬಳಿ ತಕ್ಕ ದಾಖಲೆಯಿಲ್ಲ ಎಂದು 2016ರಲ್ಲಿ ಅದು ವರದಿ ಕೊಟ್ಟಿತು. ಇಲಾಖೆಗಳ ಹತ್ತಿರ ಇದ್ದದ್ದು ಎಷ್ಟು ಮಂದಿ ವಾರಕ್ಕೆ ಎಷ್ಟು ದಿನ ಮನೆಯಲ್ಲಿದ್ದರು ಎಂಬ ತಲೆಲೆಕ್ಕ. ಜನರ ಅರ್ಜಿಗಳು ಬೇಗ ಇತ್ಯರ್ಥವಾದವೋ ತಡವಾದವೋ ಎಂಬುದನ್ನು ಆ ಪಟ್ಟಿಯ ಪಕ್ಕಕ್ಕಿಟ್ಟು ನೋಡಿದವರು ವಿರಳ.

ಪುರಾವೆಯಿಲ್ಲದೆ ನಿಂತದ್ದನ್ನು ಪುರಾವೆಯಿಲ್ಲದೆ ಕೆಡವಲೂಬಹುದು. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಅದು ಆರಂಭವಾಯಿತು. 2018ರಲ್ಲಿ ಕೃಷಿ ಇಲಾಖೆಯ ಸಚಿವ ಸನ್ನಿ ಪರ್ಡ್ಯೂ ವಾರಕ್ಕೆ ಒಂದೇ ದಿನ ಎಂದು ಮಿತಿ ಹಾಕಿದರು. 2019ರ ನವೆಂಬರ್‌ನಲ್ಲಿ ಸಾಮಾಜಿಕ ಭದ್ರತಾ ಇಲಾಖೆ ತನ್ನ ಸಾವಿರಾರು ಸಿಬ್ಬಂದಿಗೆ ಮನೆಯಿಂದ ಕೆಲಸವನ್ನು ಪೂರ್ತಿ ನಿಲ್ಲಿಸಿತು. ನಾಲ್ಕೇ ತಿಂಗಳು. 2020ರ ಮಾರ್ಚ್ 15ರಂದು ಶ್ವೇತಭವನದ ಬಜೆಟ್ ಕಚೇರಿಯಿಂದ ಸುತ್ತೋಲೆ ಬಂತು: ರಾಜಧಾನಿ ಪ್ರದೇಶದಲ್ಲಿ ಆದಷ್ಟೂ ಹೆಚ್ಚು ಜನರನ್ನು ಮನೆಯಿಂದಲೇ ದುಡಿಸಿ. ಕೆಳಗಿದ್ದ ಸಹಿ ಹಂಗಾಮಿ ಮುಖ್ಯಸ್ಥ ರಸೆಲ್ ವೋಟ್ ಅವರದು.

ಆ ವರ್ಷ ಒಕ್ಕೂಟ ಸರ್ಕಾರದ ನೌಕರರಲ್ಲಿ ಮನೆಯಿಂದ ಕೆಲಸ ಮಾಡಿದವರು ಶೇ 22ರಿಂದ ಶೇ 45ಕ್ಕೆ ಏರಿದರು. ಉಳಿದವರು ಮೊದಲಿನಂತೆಯೇ ಹೊರಗೆ ದುಡಿದರು. ಮಾಜಿ ಸೈನಿಕರ ಆಸ್ಪತ್ರೆಗಳ ನರ್ಸುಗಳು, ವಿಮಾನ ನಿಲ್ದಾಣದ ತಪಾಸಣೆಯವರು, ಕಸಾಯಿಖಾನೆಗಳಲ್ಲಿ ಮಾಂಸ ಪರೀಕ್ಷಿಸುವವರು, ಜೈಲು ಕಾವಲುಗಾರರು. ಅವರಲ್ಲಿ ಬಹಳ ಮಂದಿ ಸೋಂಕಿಗೆ ಸಿಕ್ಕಿದರು. ಮುಂದೆ ಸರ್ಕಾರಿ ನೌಕರರೆಂದರೆ ಮನೆಯಲ್ಲಿ ಪೈಜಾಮ ತೊಟ್ಟು ಕೂತವರು ಎಂಬ ಚಿತ್ರ ಹಬ್ಬಿತಲ್ಲ, ಆಗ ಇವರ ನೆನಪೇ ಯಾರಿಗೂ ಆಗಲಿಲ್ಲ. ನನಗೆ ಇದು ಬಹಳ ನೋವಿನ ಸಂಗತಿ.

ಮನೆಯಿಂದ ನಡೆದ ಕೆಲಸದ ಫಲ ಹೇಗಿತ್ತು? ಎರಡು ಬಗೆಯಾಗಿತ್ತು, ಮತ್ತು ಎರಡನ್ನೂ ಹೇಳಬೇಕು. 2020ರ ಮಾರ್ಚ್ 27ರಂದು ಪರಿಹಾರದ ಕಾಯ್ದೆಗೆ ಸಹಿ ಬಿತ್ತು. ಏಪ್ರಿಲ್ ಮಧ್ಯದ ಹೊತ್ತಿಗೆ ಜನರ ಬ್ಯಾಂಕ್ ಖಾತೆಗಳಿಗೆ ಹಣ ಬೀಳತೊಡಗಿತು. ಜೂನ್ ಮೊದಲ ವಾರದೊಳಗೆ 16 ಕೋಟಿಯ ಹತ್ತಿರ ಪಾವತಿಗಳು ಹೋಗಿದ್ದವು. ಇದನ್ನು ಮಾಡಿದ್ದು ತೆರಿಗೆ ಇಲಾಖೆ. ಅದೇ ತೆರಿಗೆ ಇಲಾಖೆಯ ಕೇಂದ್ರಗಳಲ್ಲಿ ಅದೇ ಹೊತ್ತಿಗೆ ಒಡೆಯದ ಟಪಾಲು ರಾಶಿ ಬಿದ್ದು, ಲಾರಿಗಳ ಟ್ರೇಲರುಗಳಲ್ಲಿ ತುಂಬಿಡಬೇಕಾಯಿತು. ಒಂದು ಕೋಟಿಗೆ ಮುಟ್ಟುವಷ್ಟು ಕಾಗದಗಳು. ಕಂಪ್ಯೂಟರಿನಲ್ಲಿದ್ದ ಕೆಲಸ ಓಡಿತು, ಕಾಗದದಲ್ಲಿದ್ದದ್ದು ಹೂತುಹೋಯಿತು.

ಕಾಗದದ ಕಥೆ ಇನ್ನೂ ಕಠೋರವಾಗಿ ಕಂಡದ್ದು ಮಿಸ್ಸೂರಿಯ ಸೇಂಟ್ ಲೂಯಿಸ್‌ನಲ್ಲಿ. ದೇಶದ ಸೈನಿಕರ ಸೇವಾ ದಾಖಲೆಗಳಲ್ಲಿ ಬಹುಪಾಲು ಅಲ್ಲಿನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದಲ್ಲಿವೆ. 1973ರ ಜುಲೈ 12ರಂದು ಅಲ್ಲಿ ಬಿದ್ದ ಬೆಂಕಿಯಲ್ಲಿ 1.6 ಕೋಟಿಯಿಂದ 1.8 ಕೋಟಿ ಕಡತಗಳು ಸುಟ್ಟುಹೋಗಿದ್ದವು. ಮೊದಲ ಮಹಾಯುದ್ಧದಿಂದ ಕೊರಿಯಾ ಯುದ್ಧದವರೆಗೆ ಹೋರಾಡಿದವರ ದಾಖಲೆಗಳು ಅವು, ಪ್ರತಿ ತೆಗೆದಿಟ್ಟಿರಲಿಲ್ಲ. ಅಂಥ ಅನಾಹುತದ ನಂತರವೂ, 2020ರ ಹೊತ್ತಿಗೂ ಉಳಿದ ಕಡತಗಳಲ್ಲಿ ಬಹುಪಾಲು ಕಾಗದದಲ್ಲೇ ಇದ್ದವು. ಸಿಬ್ಬಂದಿ ಮನೆಗೆ ಹೋದಾಗ ಕಡತ ಮನೆಗೆ ಬರಲಿಲ್ಲ. ಬಾಕಿ ಅರ್ಜಿಗಳು 5 ಲಕ್ಷ ದಾಟಿದವು. ಸೇವೆಯಿಂದ ಬಿಡುಗಡೆಯಾದ ಪತ್ರವಿಲ್ಲದೆ ಮಾಜಿ ಸೈನಿಕನಿಗೆ ಚಿಕಿತ್ಸೆಯ ಸೌಲಭ್ಯ ಸಿಗದು, ಮನೆ ಸಾಲ ಸಿಗದು, ಸತ್ತಾಗ ಸೈನಿಕ ಗೌರವದ ಅಂತ್ಯಸಂಸ್ಕಾರವೂ ಸಿಗದು. ತುರ್ತು ಕೋರಿಕೆಗಳನ್ನಷ್ಟೇ ನೋಡುತ್ತಿದ್ದೇವೆ ಎಂಬ ಉತ್ತರ ಕೇಳಿದ ಕುಟುಂಬಗಳಿಗೆ ಮನೆಯಿಂದ ಕೆಲಸದ ಬಗ್ಗೆ ಯಾವ ವಾದ ಹೇಳಿ ಒಪ್ಪಿಸಲಾದೀತು? ಹಾಗೆಯೇ ಸಾಮಾಜಿಕ ಭದ್ರತಾ ಇಲಾಖೆಯ ಸುಮಾರು 1,200 ಸ್ಥಳೀಯ ಕಚೇರಿಗಳು 2020ರ ಮಾರ್ಚ್ 17ರಿಂದ 2022ರ ಏಪ್ರಿಲ್ 7ರವರೆಗೆ ನೇರವಾಗಿ ಬಂದವರಿಗೆ ಮುಚ್ಚಿದ್ದವು. ಫೋನಿನಲ್ಲಿ ಗಂಟೆಗಟ್ಟಲೆ ಕಾಯಲಾರದ, ಅರ್ಜಿ ತುಂಬಲು ಯಾರಾದರೂ ಪಕ್ಕದಲ್ಲಿ ಕೂರಬೇಕಾದ ಬಡವರು, ಅಂಗವಿಕಲರು ದೂರ ಉಳಿದರು. ಅತಿ ಬಡವರಿಗೆ ಕೊಡುವ ನೆರವಿನ ಅರ್ಜಿಗಳೇ ಇಳಿದವು.

ಈ ನೋವು ನಿಜವಾದದ್ದು. ಆದರೆ ಇದಕ್ಕೆ ಮದ್ದು ಕಡತಗಳನ್ನು ಡಿಜಿಟಲ್ ಮಾಡುವುದು, ಜನ ಬಂದು ನಿಲ್ಲುವ ಕೌಂಟರುಗಳನ್ನು ಮೊದಲು ತೆರೆಯುವುದು. ವಾಷಿಂಗ್ಟನ್ನಿನಲ್ಲಿ ನಡೆದ ವಾದ ಅದರ ಹತ್ತಿರಕ್ಕೂ ಬರಲಿಲ್ಲ. ಅಲ್ಲಿ ಮಾತು ನಡೆದದ್ದು ಕಟ್ಟಡಗಳ ಬಗ್ಗೆ.

ಮಾತು ತೆಗೆದವರು ಡೆಮಾಕ್ರಟರೇ. 2022ರ ಮಾರ್ಚ್ 1ರ ಭಾಷಣದಲ್ಲಿ ಜೋ ಬೈಡನ್ ಬಹುಪಾಲು ನೌಕರರು ಕಚೇರಿಗೆ ಮರಳಲಿದ್ದಾರೆ ಎಂದು ಘೋಷಿಸಿದರು. ಮರಳಲಿಲ್ಲ. 2023ರ ಜನವರಿ 2ರಂದು ವಾಷಿಂಗ್ಟನ್ನಿನ ಮೇಯರ್ ಮ್ಯೂರಿಯಲ್ ಬೌಸರ್ ತಮ್ಮ ಮೂರನೆಯ ಅವಧಿಯ ಮೊದಲ ಭಾಷಣದಲ್ಲಿ ನೇರವಾಗಿ ಕೇಳಿದರು: ಒಂದೋ ನೌಕರರನ್ನು ಕರೆತನ್ನಿ, ಇಲ್ಲವೇ ಕಟ್ಟಡಗಳನ್ನು ಊರಿಗೆ ಬಿಟ್ಟುಕೊಡಿ. ನಗರದ ಕಚೇರಿ ಜಾಗದಲ್ಲಿ ಮೂರನೆಯ ಒಂದು ಪಾಲು ಸರ್ಕಾರದ ಕೈಯಲ್ಲಿತ್ತು. ಮಧ್ಯಾಹ್ನದ ಊಟದ ಅಂಗಡಿಗಳು, ಲಾಂಡ್ರಿಗಳು, ಮೆಟ್ರೊ ಎಲ್ಲ ಬಣಗುಟ್ಟುತ್ತಿದ್ದವು. ಬೌಸರ್ ಅವರ ಸಂಕಟ ಸಕಾರಣವಾದದ್ದು. ಆದರೆ ಒಬ್ಬ ಗುಮಾಸ್ತ ಎಲ್ಲಿ ಕೂತು ದುಡಿಯಬೇಕೆಂದು ಊರಿನ ಹೋಟೆಲುಗಳ ವ್ಯಾಪಾರ ನೋಡಿ ತೀರ್ಮಾನಿಸುವುದು ಸರಿಯೇ? ಆ ಜುಲೈನಲ್ಲಿ ಲೆಕ್ಕಪರಿಶೋಧನಾ ಸಂಸ್ಥೆ ಹೇಳಿತು: 24 ದೊಡ್ಡ ಇಲಾಖೆಗಳಲ್ಲಿ 17 ತಮ್ಮ ಮುಖ್ಯ ಕಚೇರಿಯ ಕಾಲು ಭಾಗವನ್ನೋ ಅದಕ್ಕಿಂತ ಕಡಿಮೆಯನ್ನೋ ಬಳಸುತ್ತಿವೆ, ಸರ್ಕಾರಿ ಕಚೇರಿ ಕಟ್ಟಡಗಳ ನಿರ್ವಹಣೆಗೆ ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ಹೋಗುತ್ತಿದೆ. ಕಟ್ಟಡಗಳು ಕೋವಿಡ್‌ಗೆ ಮೊದಲೂ ತುಂಬಿರಲಿಲ್ಲ ಎಂಬ ಮಾತೂ ಆ ವರದಿಯಲ್ಲಿತ್ತು, ಅದು ಸುದ್ದಿಯಾಗಲಿಲ್ಲ.

ನೌಕರರನ್ನು ಕಚೇರಿಗೆ ಮರಳಿಸಲು ಪ್ರತಿನಿಧಿ ಸಭೆಯಲ್ಲಿ ರಿಪಬ್ಲಿಕನ್ ಜೇಮ್ಸ್ ಕೋಮರ್ ತಂದ ಮಸೂದೆ 2023ರ ಫೆಬ್ರವರಿ 1ರಂದು 221–206 ಮತಗಳಿಂದ ಗೆದ್ದಿತು, ಸೆನೆಟಿನಲ್ಲಿ ಕಾನೂನಾಗದೆ ಉಳಿಯಿತು. ಬೈಡನ್ ಅವರ ಶ್ವೇತಭವನದ ಸಿಬ್ಬಂದಿ ಮುಖ್ಯಸ್ಥ ಜೆಫ್ ಝೈಂಟ್ಸ್ ಆಗಸ್ಟ್‌ನಲ್ಲಿ ಸಚಿವರಿಗೆ ಪತ್ರ ಬರೆದು ಬಿರುಸಾಗಿ ನೌಕರರನ್ನು ಕರೆಸಿ ಎಂದರು. ಇಲಾಖೆಗಳು ವಾರಕ್ಕೆ ಎರಡು ಮೂರು ದಿನ ಎಂಬ ರಾಜಿಗೆ ಬಂದವು.

2024ರ ಆಗಸ್ಟ್‌ನಲ್ಲಿ ಬಜೆಟ್ ಕಚೇರಿ ಕೊನೆಗೂ ಒಂದು ಲೆಕ್ಕ ಕೊಟ್ಟಿತು. ಸುಮಾರು 22.8 ಲಕ್ಷ ನಾಗರಿಕ ನೌಕರರಲ್ಲಿ 12 ಲಕ್ಷ ಮಂದಿಗೆ, ಅಂದರೆ ಶೇ 54ರಷ್ಟು ಜನರಿಗೆ, ಮನೆಯಿಂದ ಮಾಡಲಾಗದ ಕೆಲಸ. ಅವರು ದಿನವೂ ಸ್ಥಳಕ್ಕೇ ಹೋಗುತ್ತಿದ್ದರು. ಕಚೇರಿಯೇ ಇಲ್ಲದೆ ಪೂರ್ತಿ ದೂರದಿಂದ ದುಡಿಯುವವರು 2.28 ಲಕ್ಷ, ಹತ್ತರಲ್ಲೊಬ್ಬರು. ನಡುವಿನವರು ತಮ್ಮ ಕೆಲಸದ ಶೇ 60ಕ್ಕೂ ಹೆಚ್ಚು ಗಂಟೆಗಳನ್ನು ಕಚೇರಿಯಲ್ಲೇ ಕಳೆಯುತ್ತಿದ್ದರು. ಈ ವರದಿ ಹೊರಬಂದು ನಾಲ್ಕು ತಿಂಗಳಿಗೆ ಸೆನೆಟರ್ ಜೋನಿ ಅರ್ನ್ಸ್ಟ್, ಪೂರ್ಣಾವಧಿ ಕಚೇರಿಗೆ ಬರುವವರು ಬರೀ ಶೇ 6 ಎಂದು ತಮ್ಮ ವರದಿಯಲ್ಲಿ ಸಾರಿದರು. ಅದರ ಮೂಲ ಸುದ್ದಿಸಂಸ್ಥೆಯೊಂದು ತನ್ನ ಓದುಗರಲ್ಲಿ ನಡೆಸಿದ, ಇಷ್ಟವಿದ್ದವರು ಉತ್ತರಿಸಿದ ಸಮೀಕ್ಷೆ. ಊರೂರಿಗೆ ಹಬ್ಬಿದ್ದು ಆ ಶೇ 6ರ ಅಂಕಿಯೇ. ಸರ್ಕಾರ ಮೊದಲಿನಿಂದ ತನ್ನ ಕೆಲಸದ ಲೆಕ್ಕವನ್ನು ಜನರ ಮುಂದಿಟ್ಟಿದ್ದರೆ ಅಂಥ ಅಂಕಿಗೆ ಕಾಲೂರಲು ಜಾಗವೇ ಇರುತ್ತಿರಲಿಲ್ಲ.

ನಮ್ಮ ದೆಹಲಿಯಲ್ಲಾದರೆ ನೌಕರರು ಕಚೇರಿಗೆ ಮರಳಿದ್ದು ಒಂದು ದಿನದ ಸುದ್ದಿಯಾಗಿತ್ತು. ಕೇಂದ್ರ ಸರ್ಕಾರ ತನ್ನೆಲ್ಲ ನೌಕರರೂ 2022ರ ಫೆಬ್ರವರಿ 7ರಿಂದ ಕಚೇರಿಗೆ ಪೂರ್ಣ ಹಾಜರಾಗಬೇಕೆಂದು ಆದೇಶಿಸಿತು, ಬೆರಳಚ್ಚಿನ ಹಾಜರಾತಿಯೂ ಅದೇ ತಿಂಗಳು ಮರಳಿತು, ಅಲ್ಲಿಗೆ ಮುಗಿಯಿತು. ಸರ್ಕಾರಿ ಕಚೇರಿಗೆ ಹೋಗಿ ‘ಸಾಹೇಬ್ರು ಸೀಟಲ್ಲಿಲ್ಲ’ ಎಂಬ ಉತ್ತರ ಕೇಳಿ ಬಂದ ನಮಗೆ ಬೆರಳಚ್ಚಿನ ಯಂತ್ರದ ಮೇಲೆ ಮಮತೆಯಿರುವುದು ಸಹಜ. ಆದರೂ ಕರ್ನಾಟಕ 2012ರಲ್ಲಿ ‘ಸಕಾಲ’ದ ಮೂಲಕ ಬೇರೊಂದು ಅಳತೆಯನ್ನು ಹಿಡಿಯಿತು ಎಂಬುದನ್ನು ಇಲ್ಲಿ ಹೇಳಲೇಬೇಕು. ಅರ್ಜಿಗೊಂದು ಸಂಖ್ಯೆ, ಸೇವೆಗೊಂದು ಗಡುವು, ಗಡುವು ಮೀರಿದರೆ ದಿನಕ್ಕಿಷ್ಟು ಪರಿಹಾರ. ಜಾರಿಯಲ್ಲಿ ಕುಂದುಗಳಿವೆ, ಆದರೆ ಅದು ಅಳೆಯುವುದು ಅರ್ಜಿದಾರ ಕಾದ ದಿನಗಳನ್ನು. ವಾಷಿಂಗ್ಟನ್ನಿಗೆ ಬೇಕಾಗಿದ್ದದ್ದು ಆ ಬಗೆಯ ಅಳತೆ.

ಬಂದದ್ದು ಬೇರೆ. 2024ರ ನವೆಂಬರ್ 20ರಂದು, ಚುನಾವಣೆ ಗೆದ್ದ ಟ್ರಂಪ್ ಸರ್ಕಾರದ ವೆಚ್ಚ ಕಡಿತಕ್ಕೆಂದು ಆರಿಸಿದ್ದ ಉದ್ಯಮಿಗಳಾದ ಈಲಾನ್ ಮಸ್ಕ್ ಮತ್ತು ವಿವೇಕ್ ರಾಮಸ್ವಾಮಿ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ತಮ್ಮ ಯೋಜನೆಯನ್ನು ಮುಚ್ಚುಮರೆಯಿಲ್ಲದೆ ಬರೆದರು. ವಾರಕ್ಕೆ ಐದು ದಿನ ಕಚೇರಿಗೆ ಬನ್ನಿ ಎಂದರೆ ಬಹಳ ಮಂದಿ ತಾವಾಗಿಯೇ ಕೆಲಸ ಬಿಡುತ್ತಾರೆ, ಅದನ್ನು ಸ್ವಾಗತಿಸುತ್ತೇವೆ ಎಂದು. ಅಷ್ಟು ಹೊತ್ತಿಗೆ ರಸೆಲ್ ವೋಟ್ ಅವರ 2023ರ ಭಾಷಣವೊಂದೂ ಬೆಳಕಿಗೆ ಬಂದಿತ್ತು. ಸರ್ಕಾರಿ ನೌಕರರು ಬೆಳಿಗ್ಗೆ ಎದ್ದರೆ ಕೆಲಸಕ್ಕೆ ಹೋಗಲೇ ಮನಸ್ಸಾಗಬಾರದು, ಹಾಗೆ ಮಾಡಬೇಕು ಎಂಬ ಅರ್ಥದ ಮಾತನ್ನು ಅವರು ಅದರಲ್ಲಿ ಆಡಿದ್ದರು. ಐದು ವರ್ಷದ ಹಿಂದೆ ಆದಷ್ಟೂ ಹೆಚ್ಚು ಜನರನ್ನು ಮನೆಗೆ ಕಳಿಸಿದ ಸುತ್ತೋಲೆಗೆ ಸಹಿ ಹಾಕಿದ್ದ ಕೈ 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಬಜೆಟ್ ಕಚೇರಿಯ ಚುಕ್ಕಾಣಿ ಹಿಡಿಯಿತು. ಅದಕ್ಕೂ ಮೊದಲೇ ಸಾಮಾಜಿಕ ಭದ್ರತಾ ಇಲಾಖೆಯ ಮುಖ್ಯಸ್ಥ ಮಾರ್ಟಿನ್ ಒಮ್ಯಾಲಿ ಹೊರಡುವ ಮುನ್ನ ನೌಕರರ ಸಂಘದೊಂದಿಗೆ 2029ರವರೆಗೆ ಮನೆಯಿಂದ ಕೆಲಸವನ್ನು ಕಾಯುವ ಒಪ್ಪಂದ ಮಾಡಿದರು. ಅದು ಎದುರಾಳಿಗಳ ಕೈಗೆ ಸಿಕ್ಕ ಅಸ್ತ್ರವಾಯಿತು.

ಆಮೇಲಿನದು ವಾರಗಳ ಲೆಕ್ಕ. ಜನವರಿ 20ರ ಆದೇಶ. 22ಕ್ಕೆ ಸಿಬ್ಬಂದಿ ನಿರ್ವಹಣಾ ಕಚೇರಿಯ ಸುತ್ತೋಲೆ: ಸುಮಾರು ಮೂವತ್ತು ದಿನಗಳಲ್ಲಿ ಎಲ್ಲರೂ ಬರಬೇಕು, ಅಂಗವೈಕಲ್ಯ, ಕಾಯಿಲೆ, ಬೇರೆ ಬಲವಾದ ಕಾರಣ ಇದ್ದವರಿಗಷ್ಟೇ ವಿನಾಯಿತಿ. 28ರ ಸಂಜೆ ಲಕ್ಷಾಂತರ ನೌಕರರ ಇಮೇಲ್ ಪೆಟ್ಟಿಗೆಗೆ ‘ಕವಲು ದಾರಿ’ ಎಂಬ ಅರ್ಥದ ತಲೆಬರಹದ ಪತ್ರ ಬಂತು: ಈಗ ರಾಜೀನಾಮೆ ಕೊಡಲು ಒಪ್ಪಿದರೆ ಸೆಪ್ಟೆಂಬರ್ 30ರವರೆಗೆ ಸಂಬಳ, ಕಚೇರಿಗೆ ಬರಬೇಕಾಗಿಲ್ಲ. ಎಲ್ಲರೂ ಕಚೇರಿಗೆ ಬಂದೇ ದುಡಿಯಬೇಕೆಂದು ವಾರದ ಹಿಂದೆ ಆದೇಶಿಸಿದ್ದ ಸರ್ಕಾರವೇ ದುಡಿಯದೆ ಮನೆಯಲ್ಲಿರಲು ಸಂಬಳ ಕೊಡುತ್ತೇನೆಂದಿತು. ಫೆಬ್ರವರಿ 12ರ ಹೊತ್ತಿಗೆ ಸುಮಾರು 75,000 ಮಂದಿ ಒಪ್ಪಿದ್ದರು. ನಂತರದ ಸುತ್ತುಗಳೂ ಸೇರಿ ಅದು ಒಂದೂವರೆ ಲಕ್ಷ ದಾಟಿತು.

ಬಂದವರಿಗೆ ಕುರ್ಚಿ ಇರಲಿಲ್ಲ. ಕೆಲವರಿಗೆ ಮನೆ ಹತ್ತಿರದ, ತಮ್ಮ ಇಲಾಖೆಗೆ ಸಂಬಂಧವಿಲ್ಲದ ಸರ್ಕಾರಿ ಕಟ್ಟಡದಲ್ಲೊಂದು ಮೂಲೆ ಸಿಕ್ಕಿತು. ಅಲ್ಲಿ ಕೂತು ನೂರಾರು ಮೈಲಿ ದೂರದ ಸಹೋದ್ಯೋಗಿಗಳ ಜೊತೆ ಕಂಪ್ಯೂಟರಿನಲ್ಲಿ ಸಭೆ ಮಾಡಿದರು, ಮನೆಯಲ್ಲಿ ಮಾಡುತ್ತಿದ್ದಂತೆಯೇ. ಮಾಜಿ ಸೈನಿಕರ ಇಲಾಖೆಯ ಮನೋಚಿಕಿತ್ಸಕರು ಕೇಳಿದ ಪ್ರಶ್ನೆ ಎಲ್ಲಕ್ಕಿಂತ ಗಂಭೀರ. ಯುದ್ಧದಿಂದ ಮನಸ್ಸು ಮುರಿದು ಬಂದವನು ಫೋನಿನಲ್ಲಿ ತನ್ನ ಗುಟ್ಟು ಹೇಳಿಕೊಳ್ಳುವಾಗ, ಸುತ್ತ ಹತ್ತು ಜನ ಕೂತಿರುವ ತೆರೆದ ಹಾಲಿನಿಂದ ಅವನಿಗೆ ಉತ್ತರಿಸುವುದು ಹೇಗೆ? ಮೇರಿಲ್ಯಾಂಡಿನ ವೈಟ್ ಓಕ್‌ನಲ್ಲಿರುವ ಔಷಧ ನಿಯಂತ್ರಣ ಇಲಾಖೆಗೆ ಮಾರ್ಚ್ 17ರಂದು ಎಲ್ಲರೂ ಮರಳಿದಾಗ ಒಳಹೋಗಲು, ಕಾರು ನಿಲ್ಲಿಸಲು ಉದ್ದನೆಯ ಸಾಲು. ಎರಡು ವಾರಕ್ಕೆ, ಏಪ್ರಿಲ್ 1ರ ಬೆಳಿಗ್ಗೆ, ಅದನ್ನೂ ಒಳಗೊಂಡ ಆರೋಗ್ಯ ಇಲಾಖೆಯ ಸಾವಿರಾರು ಮಂದಿಯನ್ನು ಕೆಲಸದಿಂದ ತೆಗೆದರು. ಸಾಲಿನಲ್ಲಿ ನಿಂತು, ಗುರುತಿನ ಚೀಟಿ ಯಂತ್ರಕ್ಕೆ ಹಿಡಿದು, ಬಾಗಿಲು ತೆರೆಯದಿದ್ದಾಗ ಕೆಲವರಿಗೆ ಸುದ್ದಿ ಗೊತ್ತಾಯಿತು. ಇದೇ ದಿನಗಳಲ್ಲಿ ಸರ್ಕಾರ ಕಟ್ಟಡಗಳನ್ನು ಮಾರಲೂ ಹೊರಟಿತ್ತು. ಮಾರ್ಚ್ 4ರಂದು 443 ಆಸ್ತಿಗಳ ಪಟ್ಟಿ ಪ್ರಕಟವಾಯಿತು, ಒಂದೇ ದಿನದಲ್ಲಿ ಮಾಯವಾಯಿತು. ಮಾರ್ಚ್ 27ರ ಇನ್ನೊಂದು ಆದೇಶ ಹತ್ತಾರು ಇಲಾಖೆಗಳಲ್ಲಿ ನೌಕರರ ಸಂಘಗಳ ಚೌಕಾಸಿಯ ಹಕ್ಕನ್ನೇ ಕಿತ್ತುಕೊಂಡಿತು; ಮನೆಯಿಂದ ಕೆಲಸವನ್ನು ಕಾಯುತ್ತಿದ್ದ ಒಪ್ಪಂದಗಳಿಗೆ ಅಲ್ಲಿಗೆ ಬೆಲೆಯಿಲ್ಲದಾಯಿತು. 2010ರ ಕಾಯ್ದೆಯನ್ನು ಮಾತ್ರ ಯಾರೂ ರದ್ದು ಮಾಡಲಿಲ್ಲ.

ರಾಜೀನಾಮೆಗೆ ಒಪ್ಪಿದ್ದವರ ಹೆಸರು 2025ರ ಸೆಪ್ಟೆಂಬರ್ 30ಕ್ಕೆ ಸಂಬಳದ ಪಟ್ಟಿಯಿಂದ ಬಿತ್ತು. ಅವರಲ್ಲಿ ದಶಕಗಟ್ಟಲೆ ಸೇವೆ ಮಾಡಿದ ಬಹಳ ಮಂದಿ ಪಿಂಚಣಿಗೆ ಅರ್ಜಿ ಹಾಕಿದರು. ಆ ಅರ್ಜಿಗಳು ಹೋಗುವ ಜಾಗ ಪೆನ್ಸಿಲ್ವೇನಿಯಾದ ಬಾಯರ್ಸ್ ಎಂಬ ಹಳ್ಳಿ. ಅಲ್ಲೊಂದು ಹಳೆಯ ಸುಣ್ಣಕಲ್ಲಿನ ಗಣಿ. ನೆಲದಿಂದ ಸುಮಾರು 230 ಅಡಿ ಆಳದಲ್ಲಿ, 1960ರಿಂದ ಸರ್ಕಾರಿ ನೌಕರರ ನಿವೃತ್ತಿ ಕಡತಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು ಬೀರುಗಳಲ್ಲಿ ಕೂತಿವೆ. ಅಲ್ಲಿನ ನೂರಾರು ಸಿಬ್ಬಂದಿ ಕಡತವನ್ನು ಕೈಯಲ್ಲೇ ಒಂದು ಬೀರುವಿನಿಂದ ಇನ್ನೊಂದು ಮೇಜಿಗೆ ಒಯ್ದು ಲೆಕ್ಕ ಹಾಕುತ್ತ ಬಂದವರು. ಹಲವು ಸರ್ಕಾರಗಳು ಅದನ್ನು ಕಂಪ್ಯೂಟರಿಗೆ ಏರಿಸಲು ಹೋಗಿ ಸೋತಿದ್ದವು. ಮಸ್ಕ್ ಫೆಬ್ರವರಿಯಲ್ಲಿ ಅಧ್ಯಕ್ಷರ ಕಚೇರಿಯಲ್ಲಿ ನಿಂತು ಈ ಗಣಿಯ ಬಗ್ಗೆ ಹೇಳಿದ್ದರು, ಮತ್ತು ಅದು ಸರಿಯಾದ ಟೀಕೆಯಾಗಿತ್ತು. 2025ರ ನಡುವಿನಲ್ಲಿ ಆನ್‌ಲೈನ್ ಅರ್ಜಿಯೂ ಬಂತು. ಆದರೆ ಹಳೆಯ ಸೇವೆಯ ಕಾಗದಗಳು ಗಣಿಯಲ್ಲೇ ಇದ್ದವು. ಅಕ್ಟೋಬರ್‌ನಿಂದ ಒಟ್ಟೊಟ್ಟಿಗೆ ಬಂದ ಅರ್ಜಿಗಳ ರಾಶಿ ಏರಿತು. ಪೂರ್ತಿ ಪಿಂಚಣಿ ನಿಗದಿಯಾಗುವ ತನಕ ಕಾಯುತ್ತಿರುವವರಿಗೆ ಮಧ್ಯಂತರವಾಗಿ ಸಿಗುವುದು ಅದರ ಒಂದು ಪಾಲು ಮಾತ್ರ.